ಗುಂಡಿ ಸಿಕ್ಕಿಕೊಂಡಿತು, ಮಾನ ಹೋಯಿತು

ಬದಿಯಡ್ಕದ ಹುಡುಗ:
ರಜೆಗೆ ಊರಿಗೆ ಬಂದಿದ್ದೇನೆ, ಅಡಿಕೆ ಅಂಗಳದಲ್ಲಿ ಕೂತು ಬರೆಯುತ್ತಿದ್ದೇನೆ. ಹೋದ ವಾರ ಒಬ್ಬನೇ ವಿಮಾನ ಹಾರಿಸುವಾಗ ಕಂಟ್ರೋಲಿನ ಮೇಲಿನ, ರೇಡಿಯೋದಲ್ಲಿ ಮಾತಾಡುವ ಗುಂಡಿ ಒಳಗೇ ಸಿಕ್ಕಿಕೊಂಡಿತು. ತುಳುವಿನಲ್ಲಿ ಗೊಣಗಿದ್ದು, ಇಳಿಯುವ ಮುಂಚೆ ದೇವರನ್ನು ಕರೆದದ್ದು, ಎಲ್ಲವೂ ವಿಮಾನ ನಿಲ್ದಾಣದ ಕಂಟ್ರೋಲ್ ಟವರಿಗೆ ಕೇಳಿದೆ! ಮೊದಲೇ ಗೊತ್ತಾಗುವುದು ಹೇಗೆ?

ಮಂಜೇಶ್ವರದವ:
ನಗಬಾರದು, ಆದರೂ ನಕ್ಕೆ ಮಾರಾಯಾ. ರೇಡಿಯೋ ಇದ್ದಕ್ಕಿದ್ದಂತೆ ತಣ್ಣಗಾದರೆ ಮೊದಲು ನಿನ್ನ ಮೇಲೇ ಅನುಮಾನ ಪಡು. ಗುಂಡಿ ಒತ್ತಿರುವಷ್ಟು ಹೊತ್ತು ಬೇರೆಯವರ ಮಾತು ನಿನಗೆ ಕೇಳುವುದಿಲ್ಲ. ರೇಡಿಯೋದಲ್ಲಿ 'ಟಿಎಕ್ಸ್' (ಪ್ರಸಾರ ಆಗುತ್ತಿದೆ ಎಂಬ) ಗುರುತು ಉರಿಯುತ್ತಲೇ ಇದೆಯಾ ನೋಡು. ಹೆಡ್‌ಸೆಟ್ಟಿನ ಮೈಕ್ ಪಿನ್ ಎಳೆದರೆ ನಿನ್ನ ದನಿ ನಿಲ್ಲುತ್ತದೆ, ಆದರೆ ರೇಡಿಯೋ ಅಲೆ ಹೋಗುತ್ತಲೇ ಇದ್ದು ಬೇರೆಯವರ ಮಾತಿಗೆ ಅಡ್ಡಿಯಾಗುತ್ತದೆ. ಆ ರೇಡಿಯೋವನ್ನೇ ಆಫ್ ಮಾಡಬೇಕು. ಗುಂಡಿ ಬಿಡಿಸದೆ ಎರಡನೇ ರೇಡಿಯೋಗೆ ಮೈಕ್ ತಿರುಗಿಸಿದರೆ ಅದರ ಚಾನೆಲ್ಲೂ ಕಟ್ಟಿಕೊಳ್ಳುತ್ತದೆ.

ಉಪ್ಪಳದಿಂದ:
ವಿಮಾನದ ವಿಎಚ್‌ಎಫ್ ರೇಡಿಯೋ ಎಎಂ (ದನಿಗೆ ತಕ್ಕಂತೆ ಅಲೆಯ ಎತ್ತರ ಬದಲಾಗುವ ಬಗೆ) ಅಲ್ವಾ? ಇಬ್ಬರು ಒಟ್ಟಿಗೆ ಒತ್ತಿದರೆ ಕೀಂ ಅಂತ ಶಿಳ್ಳೆ, ಯಾರ ಮಾತೂ ತಿಳಿಯದು. ಎರಡು ಕ್ಷಣ ಕೇಳಿಸಿಕೊಂಡು ಆಮೇಲೆ ಒತ್ತಿ. 121.5 ಮೆಗಾಹರ್ಟ್ಸ್ ಚಾನೆಲ್ ಆಪತ್ತಿಗೆ, ಸುಮ್ನೆ ಹರಟೆಗಲ್ಲ.

ಬದಿಯಡ್ಕದ ಹುಡುಗ:
ಥ್ಯಾಂಕ್ಸ್. ಮೆಕ್ಯಾನಿಕ್ ಗುಂಡಿ ಬಿಚ್ಚಿದಾಗ ಸಂದಿಯಲ್ಲಿ ಅಂಟಂಟು ಎಣ್ಣೆ, ಧೂಳು. ಅಮ್ಮ ಕಳಿಸಿದ ಹಲಸಿನಕಾಯಿ ಚಿಪ್ಸ್ ತಿಂದ ಕೈ ಅದು. ಅಮ್ಮನಿಗೆ ಇನ್ನೂ ಹೇಳಿಲ್ಲ.