ಓಡುವುದಕ್ಕೆ ಇಂಗ್ಲಿಷ್‌ನಲ್ಲಿ ಇಷ್ಟೊಂದು ಕ್ರಿಯಾಪದ: ಪಟ್ಟಿ ಉರುಹೊಡೆದವರು ಇದ್ದೀರಾ?

ಹೊಸ ಕತೆಗಾರ್ತಿ:
ಇಂಗ್ಲಿಷ್‌ನಲ್ಲಿ ಸಣ್ಣ ಕತೆ ಬರೆಯುತ್ತಿದ್ದೇನೆ. ನನ್ನ ಪಾತ್ರಗಳೆಲ್ಲ ಬರೀ ‘ರನ್’ ಮಾಡುತ್ತವೆ. ರಶ್, ಡ್ಯಾಶ್, ಡಾರ್ಟ್, ಬೋಲ್ಟ್, ಸ್ಕರಿ ಎಂದು ಉದ್ದನೆಯ ಪಟ್ಟಿಯೊಂದು ಸಿಕ್ಕಿದೆ. ಬಾಯಿಪಾಠ ಮಾಡುವುದೋ, ಓದುತ್ತ ಓದುತ್ತ ತಾನಾಗಿ ಬರಲಿ ಎಂದು ಬಿಡುವುದೋ? ಅನುಭವಸ್ಥರು ತಿಳಿಸಿ.

ಅನುವಾದಕ:
ಪಟ್ಟಿಯನ್ನು ಮೊದಲು ಹರಿದು ಎಸೆಯಿರಿ. ನಾನೊಂದು ಕಾದಂಬರಿಯನ್ನು ಇಂಗ್ಲಿಷ್‌ಗೆ ತಂದಿದ್ದೆ. ‘ರನ್’ ಎಂದಿದ್ದಲ್ಲೆಲ್ಲ ಬೇಕೆಂದೇ ಹಾಗೆ ಬರೆದಿದ್ದೆ. ಕರಡು ತಿದ್ದಲು ಕುಳಿತ ಮಹನೀಯರು ಇಂಥದ್ದೇ ಪಟ್ಟಿಯನ್ನು ಪಕ್ಕದಲ್ಲಿಟ್ಟುಕೊಂಡು, ನನ್ನನ್ನು ಒಂದು ಮಾತೂ ಕೇಳದೆ, ಎಲ್ಲವನ್ನೂ ಬದಲಿಸಿದರು. ಮಗನ ಸಾವಿನ ಸುದ್ದಿ ಕೇಳಿದ ಮುದುಕ ಅಂಗಳ ದಾಟಿ ‘ಸ್ಕ್ಯಾಂಪರ್’ ಮಾಡಿದ. ನಾಯಿಮರಿಗಳೂ ಚಿಕ್ಕ ಮಕ್ಕಳೂ ನಲಿಯುತ್ತ ಓಡುವುದಕ್ಕೆ ಸಲ್ಲುವ ಪದ ಅದು! ನ್ಯಾಯಾಧೀಶರು ಪೀಠದತ್ತ ‘ಸ್ಕಟಲ್’ ಮಾಡಿದರು, ಥೇಟ್ ಏಡಿಯಂತೆ. ತಾಯಿ ಮಗುವನ್ನು ನೋಡಲು ಆಸ್ಪತ್ರೆಗೆ ‘ಬೋಲ್ಟ್’ ಮಾಡಿದಳು. ಬೆದರಿದ ಕುದುರೆ ಬೋಲ್ಟ್ ಮಾಡುತ್ತದೆ, ಸಿಕ್ಕಿಬಿದ್ದ ಕಳ್ಳ ಬೋಲ್ಟ್ ಮಾಡುತ್ತಾನೆ. ಮಗುವಿನ ಬಳಿಗೆ ಧಾವಿಸುವವಳಿಗೆ ಆ ಮಾತು ಸಲ್ಲದು.

ಪುಟವಿನ್ಯಾಸ ಮುಗಿದ ಮೇಲೆ ಇದು ಕಣ್ಣಿಗೆ ಬಿತ್ತು. ಹಳೆಯ ಪದಗಳನ್ನು ಮರಳಿ ಕೂರಿಸಿದಾಗ ಸಾಲುಗಳು ಜರುಗಿದವು, ಪುಟಸಂಖ್ಯೆ ಬದಲಾಯಿತು, ಪದಸೂಚಿಯನ್ನು ಮೊದಲಿನಿಂದ ಮಾಡಬೇಕಾಯಿತು. ವಿನ್ಯಾಸದವರ ಎರಡನೇ ಸಂಭಾವನೆ, ಪದಸೂಚಿಯ ಕೂಲಿ, ಹೊಸ ಕರಡಚ್ಚಿನ ಖರ್ಚು ಎಲ್ಲವನ್ನೂ ಪ್ರಕಾಶಕರು ನನ್ನ ಗೌರವಧನದಲ್ಲಿ ಮುರಿದುಕೊಂಡರು. ಪದ ಬದಲಿಸಿದ ಮಹನೀಯರಿಗೆ ಮಾತ್ರ ಪೂರ್ತಿ ಹಣ ಸಂದಾಯವಾಯಿತು.

ಪಟ್ಟಿವಾದಿ:
ಅನುವಾದಕರಿಗೆ ಪುರುಸೊತ್ತಿದೆ, ಓದುತ್ತ ಕೂರಲಿ. ಪರೀಕ್ಷೆ ಎದುರಿಗಿದ್ದ ನಮಗೆ ಪಟ್ಟಿಯೇ ಗತಿಯಾಗಿತ್ತು. ನಾನು ಚೀಟಿಗಳನ್ನು ಮಾಡಿಕೊಂಡು ಕಲಿತೆ, ಕಲಿತದ್ದಕ್ಕೆ ನಾಚಿಕೆಯೂ ಇಲ್ಲ. ಹೆದರಿ ಓಡುವುದಕ್ಕೆ ಬೋಲ್ಟ್, ಫ್ಲೀ. ಇಲಿಯಂತೆ ಪುಟುಪುಟು ಹೆಜ್ಜೆಗೆ ಸ್ಕರಿ. ಸದ್ದು ಮಾಡುತ್ತ ಹೋಗುವುದಕ್ಕೆ ಜೂಮ್, ವಿಜ್. ‘ಫ್ಲೀ’ಯ ಭೂತಕಾಲ ‘ಫ್ಲೆಡ್’, ‘ಫ್ಲೈ’ಯದು ‘ಫ್ಲೂ’. ದೇಶ ಬಿಟ್ಟು ಓಡಿದ ಎನ್ನಲು ‘ಫ್ಲೆಡ್ ದ ಕಂಟ್ರಿ’ ಸಾಕು, ನಡುವೆ ‘ಫ್ರಮ್’ ಬೇಕಿಲ್ಲ. ಇವೆಲ್ಲ ಕತೆ ಓದಿದರೆ ತಾನಾಗಿ ಬರುತ್ತವೆಯೇ?

ನನಗೆ ಮುಳುವಾದದ್ದು ಮೌಲ್ಯಮಾಪಕರು. ಕೆಲಸ ಚುರುಕಾಯಿತು ಎನ್ನಲು ‘ಸ್ಪೀಡೆಡ್ ಅಪ್’ ಎಂದು ಬರೆದಿದ್ದೆ. ‘ಸ್ಪೆಡ್’ ಆಗಬೇಕು ಎಂದು ಅಂಕ ಕತ್ತರಿಸಿದರು. ಸರ್ರನೆ ಹಾದುಹೋದ ಕಾರಿಗೆ ‘ಸ್ಪೆಡ್ ಪಾಸ್ಟ್’, ವೇಗ ಹೆಚ್ಚಿಸಿದ್ದಕ್ಕೆ ‘ಸ್ಪೀಡೆಡ್ ಅಪ್’, ನಿಘಂಟಿನಲ್ಲೇ ಇದೆ. ಆ ಪುಟದ ನಕಲು ಲಗತ್ತಿಸಿ ಮರುಮೌಲ್ಯಮಾಪನಕ್ಕೆ ಹಾಕಿದೆ. ಶುಲ್ಕ ಕಟ್ಟಿದ್ದಾಯಿತು, ಕಟ್ಟಿದ ರಸೀದಿ ಸಿಗಲಿಲ್ಲವೆಂದು ಇನ್ನೊಮ್ಮೆ ಅಲೆಸಿದರು, ಲಗತ್ತೇ ಕಳೆದುಹೋಯಿತೆಂದು ಮತ್ತೆ ನಕಲು ತರಿಸಿದರು. ಅಂಕ ಮರಳಿ ಬರುವಷ್ಟರಲ್ಲಿ ಪ್ರವೇಶದ ಗಡುವು ಮುಗಿದಿತ್ತು.

ಸುದ್ದಿಮನೆ:
ಇಬ್ಬರೂ ‘ರಶ್’ ಅನ್ನು ಮರೆತಿದ್ದೀರಿ. ಅದು ಸಕರ್ಮಕವೂ ಹೌದು. ನಮ್ಮಲ್ಲಿ ಹೊಸದಾಗಿ ಬಂದ ಹುಡುಗ ಅಪಘಾತದ ಸುದ್ದಿಯಲ್ಲಿ ‘ವಾಸ್ ರಶ್ಡ್ ಟು ಹಾಸ್ಪಿಟಲ್’ ಎಂಬುದನ್ನು ‘ಪ್ರಜ್ಞಾಹೀನ ಗಾಯಾಳು ಆಸ್ಪತ್ರೆಗೆ ಧಾವಿಸಿದರು’ ಎಂದು ಬರೆದ. ಅಚ್ಚಾಗಿಯೂ ಹೋಯಿತು. ಮರುದಿನ ದೂರವಾಣಿ ಎತ್ತಿದವನು ನಾನು, ತಿದ್ದುಪಡಿ ಬರೆದವನು ನಾನು, ವಿವರಣೆ ಕೊಡಲು ಸಂಪಾದಕರ ಮುಂದೆ ನಿಂತವನೂ ನಾನೇ. ಆ ಹುಡುಗನ ತಲೆಯಲ್ಲಿದ್ದದ್ದೂ ಪಟ್ಟಿಯೇ: ರಶ್ ಎಂದರೆ ಧಾವಿಸು, ಅಲ್ಲಿಗೆ ಮುಗಿಯಿತು.

ಪಟ್ಟಿವಾದಿ:
ಅದು ಕರ್ಮಣಿ ಪ್ರಯೋಗ ತಿಳಿಯದ ತಪ್ಪು. ಪಟ್ಟಿಯ ಮೇಲೇಕೆ ಹಾಕುತ್ತೀರಿ?

ನಿವೃತ್ತ ಮೇಷ್ಟರು:
ಯಾರೂ ಬುಡಕ್ಕೆ ಹೋಗುತ್ತಿಲ್ಲ. ಲೆನರ್ಡ್ ಟಾಲ್ಮಿ ಎಂಬ ಭಾಷಾವಿಜ್ಞಾನಿ 1985ರಲ್ಲೇ ಬಿಡಿಸಿ ಹೇಳಿದ್ದಾರೆ: ಇಂಗ್ಲಿಷ್ ಚಲನೆಯ ರೀತಿಯನ್ನು ಕ್ರಿಯಾಪದದಲ್ಲೇ ತುಂಬುತ್ತದೆ, ದಾರಿಯನ್ನು ‘ಔಟ್’, ‘ಡೌನ್’, ‘ಅಕ್ರಾಸ್’ಗಳಿಗೆ ಬಿಡುತ್ತದೆ. ನಾವು ‘ದಡದಡನೆ ಮೆಟ್ಟಿಲಿಳಿದಳು’ ಎನ್ನುತ್ತೇವೆ. ಇಳಿಯುವುದು ನಮ್ಮ ಕ್ರಿಯಾಪದ, ದಡದಡ ಅದಕ್ಕೆ ಅಂಟಿಕೊಂಡದ್ದು. ಸರ್ರನೆ, ಚಂಗನೆ, ಎದ್ದೆನೋ ಬಿದ್ದೆನೋ ಎಂದು ನಾವು ಕ್ರಿಯಾಪದದ ಹೊರಗಿಡುವುದನ್ನು ಅವರು ಒಳಗೇ ಇಡುತ್ತಾರೆ. ಇದನ್ನು ತರಗತಿಯಲ್ಲಿ ಹೇಳಿದ್ದಕ್ಕೆ ‘ಪಠ್ಯದಲ್ಲಿಲ್ಲದ್ದು’ ಎಂದು ನನಗೆ ಲಿಖಿತ ಸೂಚನೆ ಬಂದಿತ್ತು. ಅದನ್ನು ಇನ್ನೂ ಇಟ್ಟುಕೊಂಡಿದ್ದೇನೆ. ಬೆತ್ ಲೆವಿನ್ ಅವರು 1993ರಲ್ಲಿ ಇಂಗ್ಲಿಷ್ ಕ್ರಿಯಾಪದಗಳನ್ನು ವರ್ಗೀಕರಿಸಿದಾಗ ‘ರನ್’ ಬಗೆಯವಕ್ಕೇ ಒಂದು ಗುಂಪು ಮಾಡಿದ್ದಾರೆ. ಪಟ್ಟಿ ಬೇಕೇ ಬೇಕು ಎನ್ನುವವರು ಅಂಥದ್ದನ್ನು ನೋಡಲಿ.

ದಾರಿಹೋಕ:
ಬೋಲ್ಟ್‌ಗೆ ಇಷ್ಟೊಂದು ಚರ್ಚೆ ಏಕೆ? ಉಸೇನ್ ಬೋಲ್ಟ್ ಅವರಿಂದ ಬಂದ ಪದವಲ್ಲವೇ?

ನಿವೃತ್ತ ಮೇಷ್ಟರು:
ಅಯ್ಯಾ, ಅಡ್ಡಬಿಲ್ಲಿನಿಂದ ಬಿಡುತ್ತಿದ್ದ ಗಿಡ್ಡ ಬಾಣಕ್ಕೆ ಬೋಲ್ಟ್ ಎಂದು ಹೆಸರು. ಡಾರ್ಟ್ ಕೂಡ ಎಸೆಯುವ ಆಯುಧವೇ. ಆ ಓಟಗಾರ ಬರ್ಲಿನ್‌ನಲ್ಲಿ 9.58 ಸೆಕೆಂಡಿನ ದಾಖಲೆ ಮಾಡಿದ್ದು 2009ರಲ್ಲಿ. ಆ ಕ್ರಿಯಾಪದಕ್ಕೆ ಆಗಲೇ ಶತಮಾನಗಳ ವಯಸ್ಸಾಗಿತ್ತು.

ಅನುವಾದಕ:
ಮೇಷ್ಟರೇ, ಗಬಗಬನೆ ನುಂಗುವುದಕ್ಕೂ ಬೋಲ್ಟ್, ಸೊಪ್ಪಿನ ಗಿಡ ಬೇಗನೆ ಹೂಬಿಟ್ಟು ಹಾಳಾಗುವುದಕ್ಕೂ ಬೋಲ್ಟ್. ಚೀಟಿಯಲ್ಲಿ ಇವೆಲ್ಲ ಹಿಡಿಸುತ್ತವೆಯೇ ಎಂದು ಪಟ್ಟಿವಾದಿಗಳನ್ನು ಕೇಳಿ.

ಪಟ್ಟಿವಾದಿ:
ಚೀಟಿಗೆ ಎರಡು ಬದಿ ಇರುತ್ತದೆ ಸ್ವಾಮಿ.

ಹೊಸ ಕತೆಗಾರ್ತಿ:
ನನ್ನ ಕತೆಯಲ್ಲಿ ಹುಡುಗಿ ಮಳೆಯಲ್ಲಿ ರಸ್ತೆ ದಾಟಬೇಕು. ‘ಡ್ಯಾಶ್’ ಆಗುತ್ತದೆಯೇ?

ಸುದ್ದಿಮನೆ:
ಆಗುತ್ತದೆ. ಸ್ವಲ್ಪ ದೂರ, ಒಂದೇ ಬಿರುಸು. ‘ಸ್ಪ್ರಿಂಟ್’ ಹಾಕಬೇಡಿ, ಅದರಲ್ಲಿ ಮೈದಾನದ ವಾಸನೆ ಇದೆ. ಅಲ್ಲೂ 200 ಮೀಟರ್ ದಾಟಿದರೆ ಸ್ಪ್ರಿಂಟ್ ಎನ್ನುವುದಿಲ್ಲ.

ಪಟ್ಟಿವಾದಿ:
400 ಮೀಟರ್ ಕೂಡ ಸ್ಪ್ರಿಂಟ್. ಅಲ್ಲಿಯವರೆಗೂ ಸ್ಟಾರ್ಟಿಂಗ್ ಬ್ಲಾಕ್ ಕಡ್ಡಾಯ. ಕ್ರೀಡಾಪುಟ ನೋಡಿಕೊಳ್ಳುವವರು ಯಾರು ನಿಮ್ಮಲ್ಲಿ?