ಖಾಲಿ ಮನೆ, ದಿನಕ್ಕೆ 250 ಡಾಲರ್ ದಂಡ: ಫ್ಲೋರಿಡಾದಲ್ಲಿ ಇದನ್ನು ಇಳಿಸಿಕೊಂಡವರು ಇದ್ದೀರಾ?

ಪ್ರಶ್ನೆ, ನ್ಯೂಜೆರ್ಸಿಯಿಂದ

ನಮ್ಮ ದೊಡ್ಡಪ್ಪ ಫ್ಲೋರಿಡಾದಲ್ಲಿ ಒಬ್ಬರೇ ಇದ್ದರು. ದೊಡ್ಡಮ್ಮ ಮೊದಲೇ ಹೋಗಿದ್ದರು, ಮಕ್ಕಳಿರಲಿಲ್ಲ. ದೊಡ್ಡಪ್ಪ ತೀರಿಕೊಂಡು ಎರಡು ವರ್ಷದ ಮೇಲಾಯಿತು. ವಿಲ್ ಬರೆದಿರಲಿಲ್ಲ. ನನ್ನ ತಂದೆಯೂ ಈಗಿಲ್ಲ. ಉಳಿದವರು ನಾನು ಮತ್ತು ಮೈಸೂರಿನಲ್ಲಿರುವ ನಮ್ಮ ಸೋದರತ್ತೆ, ಇಬ್ಬರೇ. ಮನೆಗೆ ಬೀಗ ಹಾಕಿ ಬಂದವನು ಮತ್ತೆ ಆ ಕಡೆ ಹೋಗಲಿಲ್ಲ. ಹುಲ್ಲು ಸೊಂಟದವರೆಗೆ ಬೆಳೆದಿದೆ. ಈಜುಕೊಳ ಪಾಚಿಗಟ್ಟಿದೆ. ಬಿರುಗಾಳಿಗೆ ಕಿತ್ತುಹೋದ ಚಾವಣಿಗೆ ನೀಲಿ ಟಾರ್ಪಾಲು ಹೊದಿಸಿದ್ದು ಹಾಗೇ ಇದೆ.

ಈಗ ಮನೆ ಕೊಳ್ಳಲು ಒಬ್ಬರು ಮುಂದೆ ಬಂದಿದ್ದಾರೆ. ಆಸ್ತಿಯ ಹಕ್ಕು, ಋಣ ಪರಿಶೀಲಿಸುವ ಟೈಟಲ್ ಕಂಪನಿಯವರು ದಾಖಲೆ ಹುಡುಕಿದಾಗ ವಿಷಯ ಗೊತ್ತಾಯಿತು. ಮನೆಯನ್ನು ಹೀಗೆ ಹಾಳುಬಿಟ್ಟಿದ್ದಕ್ಕೆ ನಗರಸಭೆ ದಿನಕ್ಕೆ 250 ಡಾಲರ್‌ನಂತೆ 410 ದಿನದಿಂದ ದಂಡ ಹಾಕುತ್ತಾ ಬಂದಿದೆ. 1,02,500 ಡಾಲರ್! ಅದು ಮನೆಯ ಮೇಲೆ ಲೀನ್ ಆಗಿ, ಅಂದರೆ ಋಣಭಾರವಾಗಿ ಕೂತಿದೆ. ನೋಟಿಸುಗಳೆಲ್ಲ ಆ ಖಾಲಿ ಮನೆಗೇ ಹೋಗಿವೆ. ಇದನ್ನು ಪೂರ್ತಿ ಕಟ್ಟಲೇಬೇಕಾ? ಕಡಿಮೆ ಮಾಡಿಸಿಕೊಂಡವರು ದಯವಿಟ್ಟು ಹೇಳಿ.

ಟ್ಯಾಂಪಾ ಕೊಲ್ಲಿಯ ಕಡೆಯಿಂದ

ಮೊದಲು ಒಂದು ಮಾತು. ದಂಡ ಇಳಿಸಿ ಅಂತ ಇವತ್ತೇ ಅರ್ಜಿ ಬರೆಯಬೇಡಿ. ನೀವು ಇದನ್ನು ಓದುವ ಹೊತ್ತಿಗೂ ದಂಡದ ಮೀಟರ್ ಓಡುತ್ತಿದೆ, ಮೊದಲು ಅದನ್ನು ನಿಲ್ಲಿಸಿ. ಹುಲ್ಲು, ಈಜುಕೊಳ, ಚಾವಣಿ ಮೂರೂ ಸರಿಯಾಗಿ, ನಗರಸಭೆಯ ಇನ್‌ಸ್ಪೆಕ್ಟರ್ ಬಂದು ನೋಡಿ, ಸರಿಯಾಗಿದೆ ಅಂತ ಬರೆದುಕೊಟ್ಟ ಮೇಲೆಯೇ ನಿಮ್ಮ ಮಾತಿಗೆ ಬೆಲೆ.

ಇದನ್ನು ನಾನು ದುಡ್ಡು ಕೊಟ್ಟು ಕಲಿತೆ. ನಮ್ಮದೊಂದು ಬಾಡಿಗೆ ಮನೆ ಇತ್ತು. ಬಾಡಿಗೆದಾರರು ಖಾಲಿ ಮಾಡುವಾಗ ಹಿತ್ತಿಲ ತುಂಬಾ ಹಳೇ ಸಾಮಾನು, ನಂಬರ್ ಪ್ಲೇಟ್ ಇಲ್ಲದ ಒಂದು ಕಾರು ಬಿಟ್ಟುಹೋದರು. ಬೇಲಿ ಬಿದ್ದಿತ್ತು. ಸರಿಪಡಿಸಲು ನಗರಸಭೆಯವರು 20 ದಿನ ಕೊಟ್ಟಿದ್ದರು. ನಾನಾಗ ಅಮ್ಮನ ಆಪರೇಷನ್ ಅಂತ ಶಿವಮೊಗ್ಗದಲ್ಲಿದ್ದೆ. ವಾಪಸ್ ಬಂದು ಎಲ್ಲಾ ಸರಿಮಾಡಿಸುವಷ್ಟರಲ್ಲಿ ಗಡುವು ಮುಗಿದು 60 ದಿನ ಆಗಿತ್ತು. ಕೆಲಸ ಮುಗಿಯಿತಲ್ಲ ಅಂತ ಸುಮ್ಮನಾದೆ. ಇನ್‌ಸ್ಪೆಕ್ಟರಿಗೆ ಫೋನ್ ಮಾಡಬೇಕು ಅಂತ ನನಗೆ ಹೊಳೆಯಲೇ ಇಲ್ಲ. ಅವರ ಕಡತದಲ್ಲಿ ಮನೆ ಇನ್ನೂ ಹಾಳುಬಿದ್ದೇ ಇತ್ತು. ಹೀಗೆ ದಂಡ ಇನ್ನೂ 92 ದಿನ ಓಡಿತು. ದಿನಕ್ಕೆ 250ರಂತೆ ಒಟ್ಟು 152 ದಿನ, 38,000 ಡಾಲರ್. ಅದರಲ್ಲಿ 23,000 ಬರೀ ಒಂದು ಫೋನ್ ಮಾಡದೇ ಇದ್ದದ್ದಕ್ಕೆ.

ನನ್ನನ್ನು ಕಾಪಾಡಿದ್ದು ಎರಡು ರಸೀದಿ. ಕಾರು ಎಳೆದುಕೊಂಡು ಹೋದವರದ್ದು ಒಂದು, ಬೇಲಿ ಹಾಕಿದವರದ್ದು ಇನ್ನೊಂದು. ಎರಡರಲ್ಲೂ ತಾರೀಖು ಇತ್ತು. ಫೋನಿನಲ್ಲಿ ತೆಗೆದ ಫೋಟೋಗಳಲ್ಲೂ ತಾರೀಖು ಇತ್ತು. ಹಿಯರಿಂಗ್‌ನಲ್ಲಿ, ಅಂದರೆ ನಗರಸಭೆಯ ವಿಚಾರಣೆಯಲ್ಲಿ, ಅವನ್ನು ತೋರಿಸಿದೆ. ಕೊನೆಗೆ 3,800 ಡಾಲರ್, ಜೊತೆಗೆ ನಗರಸಭೆಯ ಖರ್ಚು, 30 ದಿನದಲ್ಲಿ ಕಟ್ಟಬೇಕು ಅಂತ ಆಯಿತು.

ಕಾನೂನು ಏನು ಹೇಳುತ್ತದೆ ಅಂತಲೂ ತಿಳಿದಿರಲಿ. ಫ್ಲೋರಿಡಾ ಕಾನೂನಿನ 162ನೇ ಅಧ್ಯಾಯ ಇದಕ್ಕೇ ಇರುವುದು. ಮೊದಲ ಸಲದ ತಪ್ಪಿಗೆ ದಿನಕ್ಕೆ 250 ಡಾಲರ್‌ವರೆಗೆ, ಅದೇ ತಪ್ಪು ಮರುಕಳಿಸಿದರೆ 500ರವರೆಗೆ. 50,000 ಅಥವಾ ಅದಕ್ಕಿಂತ ಜಾಸ್ತಿ ಜನ ಇರುವ ಊರುಗಳು ತಮ್ಮದೇ ನಿಯಮ ಮಾಡಿಕೊಂಡು ದಿನಕ್ಕೆ 1,000 ಡಾಲರ್‌ವರೆಗೂ ಹಾಕಬಹುದು. ದಂಡ ಹಾಕುವಾಗ ಮೂರು ವಿಷಯ ನೋಡಬೇಕು: ತಪ್ಪು ಎಷ್ಟು ಗಂಭೀರ, ಸರಿಪಡಿಸಲು ಏನು ಮಾಡಿದಿರಿ, ಹಿಂದೆ ಇಂಥದ್ದು ಆಗಿತ್ತಾ. ಹಾಕಿದ ದಂಡ ಇಳಿಸುವ ಅಧಿಕಾರವೂ ಅದೇ ಅಧ್ಯಾಯದಲ್ಲಿದೆ. ಆದರೆ ಇಳಿಸಲೇಬೇಕು ಅಂತ ಎಲ್ಲೂ ಇಲ್ಲ. ಆದೇಶವನ್ನೇ ಪ್ರಶ್ನಿಸುವುದಾದರೆ 30 ದಿನದೊಳಗೆ ಸರ್ಕ್ಯೂಟ್ ಕೋರ್ಟಿಗೆ ಹೋಗಬೇಕಿತ್ತು. ನಿಮ್ಮ ವಿಷಯದಲ್ಲಿ ಆ ಗಡುವು ದಾಟಿದೆ.

ಹಾಗಂತ ಕಡತ ನೋಡದೆ ಬಿಡಬೇಡಿ. ಸಾರ್ವಜನಿಕ ದಾಖಲೆ ಅಂತ ಕೇಳಿದರೆ ಪೂರ್ತಿ ಕಡತದ ಪ್ರತಿ ಕೊಡುತ್ತಾರೆ. ನೋಟಿಸ್ ಯಾರ ಹೆಸರಿಗೆ ಹೋಯಿತು, ಯಾವ ತಾರೀಖಿಗೆ, ಸರ್ಟಿಫೈಡ್ ಅಂಚೆ ವಾಪಸ್ ಬಂದಾಗ ಮನೆ ಬಾಗಿಲಿಗೆ ಅಂಟಿಸಿದರಾ, ಎಲ್ಲಾ ನೋಡಿ. ತೀರಿಕೊಂಡವರ ಹೆಸರಿಗೆ ಹೋದ ನೋಟಿಸ್ ಅನ್ನುವುದು ವಕೀಲರ ಕೈಯಲ್ಲಿ ಒಳ್ಳೆಯ ವಾದ. ಇನ್ನೊಂದು ಕೆಲಸ ಇವತ್ತೇ ಮಾಡಿ: ಟ್ಯಾಕ್ಸ್ ಕಲೆಕ್ಟರ್ ಕಚೇರಿಯಲ್ಲಿ ಅಂಚೆ ವಿಳಾಸವನ್ನು ನಿಮ್ಮ ನ್ಯೂಜೆರ್ಸಿ ಮನೆಗೆ ಬದಲಾಯಿಸಿ. ನೋಟಿಸ್ ಕಳಿಸುವವರು ನೋಡುವುದು ಅಲ್ಲಿನ, ಇಲ್ಲವೇ ಕೌಂಟಿಯ ಪ್ರಾಪರ್ಟಿ ಅಪ್ರೈಸರ್ ದಾಖಲೆಯಲ್ಲಿನ ವಿಳಾಸವನ್ನು.

ಈಜುಕೊಳದ ಬಗ್ಗೆ ಒಂದು ಎಚ್ಚರಿಕೆ. ಪಾಚಿ ನೋಡಿ ಗಾಬರಿಯಾಗಿ ನೀರೆಲ್ಲ ಖಾಲಿ ಮಾಡಿಸಬೇಡಿ. ಫ್ಲೋರಿಡಾದಲ್ಲಿ ಅಂತರ್ಜಲ ಬಹಳ ಮೇಲೇ ಇರುತ್ತದೆ. ಖಾಲಿ ಕೊಳವನ್ನು ಕೆಳಗಿನ ನೀರು ಎತ್ತಿಬಿಡುತ್ತದೆ, ಕಾಂಕ್ರೀಟು ಬಿರುಕು ಬಿಡುತ್ತದೆ. ಆಗ ದಂಡಕ್ಕಿಂತ ದೊಡ್ಡ ಖರ್ಚು. ಪೂಲ್ ಕೆಲಸ ಬಲ್ಲವರನ್ನು ಕರೆಸಿ ನೀರನ್ನೇ ತಿಳಿಯಾಗಿಸಿ, ಪಂಪ್ ಓಡುವ ಹಾಗೆ ಮಾಡಿ. ಚಾವಣಿಗೆ ಪರ್ಮಿಟ್ ಬೇಕು, ಕೆಲಸ ಮುಗಿದ ಮೇಲೆ ಕೊನೆಯ ತಪಾಸಣೆಯೂ ಆಗಬೇಕು. ಅದಕ್ಕೆ ವಾರಗಟ್ಟಲೆ ಹಿಡಿಯುತ್ತದೆ. ಮೊದಲು ಪರ್ಮಿಟ್‌ಗೆ ಅರ್ಜಿ ಹಾಕಿ, ಆ ಪ್ರತಿಯನ್ನು ಇನ್‌ಸ್ಪೆಕ್ಟರಿಗೆ ಕಳಿಸಿ.

ಮಯಾಮಿ ಕಡೆಯಿಂದ

ಮೇಲಿನವರು ಹೇಳಿದ ಕ್ರಮ ತಪ್ಪಿದರೆ ಏನಾಗುತ್ತದೆ ಅಂತ ಹೇಳುತ್ತೇನೆ. ನಾವು ಮೊದಲು ಅರ್ಜಿ ಹಾಕಿದೆವು, ರಿಪೇರಿ ಆಮೇಲೆ ಅಂದುಕೊಂಡೆವು. ಮನೆ ಮಾರಿದರೆ ತಾನೇ ರಿಪೇರಿಗೆ ದುಡ್ಡು ಅನ್ನುವುದು ನಮ್ಮ ಲೆಕ್ಕ. ಹಿಯರಿಂಗ್ ಎರಡು ನಿಮಿಷದಲ್ಲಿ ಮುಗಿಯಿತು. ತಪ್ಪು ಇನ್ನೂ ಹಾಗೇ ಇದೆಯಲ್ಲ ಅಂದರು, ತಿರಸ್ಕರಿಸಿದರು. ನಮ್ಮ ಊರಿನ ನಿಯಮದಲ್ಲಿ ಮತ್ತೆ ಅರ್ಜಿ ಹಾಕಲು ಒಂದು ವರ್ಷ ಕಾಯಬೇಕಿತ್ತು. ಕೊಳ್ಳುವವರು ಅಷ್ಟು ದಿನ ಕಾಯಲಿಲ್ಲ. ಎಷ್ಟು ಸಲ ಅರ್ಜಿ ಹಾಕಬಹುದು ಅಂತ ನಿಮ್ಮ ಊರಿನಲ್ಲಿ ಮೊದಲು ಕೇಳಿ.

ಟೈಟಲ್ ಕಂಪನಿಯಲ್ಲಿ ಕೆಲಸ ಮಾಡುವವರಿಂದ, ಒರ್ಲಾಂಡೋ

ನಾನು ದಿನಾ ನೋಡುವ ವಿಷಯ ಇದು, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ಮೊದಲ ಪ್ರಶ್ನೆ, ಸಹಿ ಹಾಕುವ ಅಧಿಕಾರ ನಿಮಗೆ ಸಿಕ್ಕಿದೆಯಾ? ಕೊಳ್ಳುವವರು ಇದ್ದಾರೆ ಅಂದಿರಿ, ಪ್ರೊಬೇಟ್, ಅಂದರೆ ತೀರಿಕೊಂಡವರ ಆಸ್ತಿಯನ್ನು ಕೋರ್ಟಿನ ಮೂಲಕ ಇತ್ಯರ್ಥ ಮಾಡುವುದರ ಬಗ್ಗೆ ಏನೂ ಹೇಳಲಿಲ್ಲ. ಕೋರ್ಟು ನಿಮ್ಮನ್ನು ಪರ್ಸನಲ್ ರೆಪ್ರೆಸೆಂಟೇಟಿವ್, ಅಂದರೆ ಆ ಆಸ್ತಿಯ ಅಧಿಕೃತ ಹೊಣೆಗಾರ ಅಂತ ನೇಮಿಸುವವರೆಗೆ ನೀವು ಮನೆ ಮಾರುವುದೂ ಕಷ್ಟ, ದಂಡ ಇಳಿಸಿ ಅಂತ ಅಧಿಕೃತವಾಗಿ ನಿಲ್ಲುವುದೂ ಕಷ್ಟ. ಫ್ಲೋರಿಡಾದವರಲ್ಲದವರಿಗೆ ಈ ಹೊಣೆ ಸಿಗುವುದಿಲ್ಲ ಅಂತ ಬಹಳ ಜನ ತಿಳಿದಿದ್ದಾರೆ. ಹತ್ತಿರದ ಸಂಬಂಧಿಕರಿಗೆ ಸಿಗುತ್ತದೆ. ಅಣ್ಣತಮ್ಮಂದಿರ, ಅಕ್ಕತಂಗಿಯರ ಮಕ್ಕಳೂ ಆ ಪಟ್ಟಿಯಲ್ಲಿದ್ದಾರೆ. ನೀವು ಅವರ ತಮ್ಮನ ಮಗ, ನ್ಯೂಜೆರ್ಸಿಯಲ್ಲಿದ್ದರೂ ಆಗುತ್ತದೆ. ನಿಮ್ಮ ಅತ್ತೆಯ ಒಪ್ಪಿಗೆ ಪತ್ರ ಬೇಕಾಗುತ್ತದೆ. ಮೈಸೂರಿನಲ್ಲಿ ನೋಟರಿ ಮಾಡಿಸಿ ಅಪಾಸ್ಟಿಲ್, ಅಂದರೆ ಬೇರೆ ದೇಶದಲ್ಲೂ ಒಪ್ಪುವ ಸರ್ಕಾರಿ ದೃಢೀಕರಣ, ಹಾಕಿಸಬಹುದು. ಭಾರತ 2005ರಿಂದ ಅಪಾಸ್ಟಿಲ್ ಒಪ್ಪಂದದಲ್ಲಿದೆ. ಇದಕ್ಕೆ ವಾರಗಳು ಹಿಡಿಯುತ್ತವೆ, ಈಗಲೇ ಶುರು ಮಾಡಿ.

ಎರಡನೆಯದು. ಈ ಲೀನ್ ಆ ಒಂದು ಮನೆಗೆ ಮಾತ್ರ ಅಂದುಕೊಳ್ಳಬೇಡಿ. ಆದೇಶದ ಪ್ರತಿಯನ್ನು ದಾಖಲೆಗೆ ಸೇರಿಸಿದ ಮೇಲೆ, ತಪ್ಪು ಮಾಡಿದವರ ಹೆಸರಲ್ಲಿರುವ ಬೇರೆ ಆಸ್ತಿಗೂ ಅದು ಅಂಟಿಕೊಳ್ಳುತ್ತದೆ. ದೊಡ್ಡಪ್ಪ ಎಲ್ಲಾದರೂ ಒಂದು ಖಾಲಿ ಸೈಟು ಕೊಂಡಿದ್ದರಾ ನೋಡಿ. ಆ ಕಾಲದಲ್ಲಿ ಬಹಳ ಜನ ಹಾಗೆ ಕೊಂಡಿದ್ದರು. ಬಿಟ್ಟುಬಿಟ್ಟರೆ ತಾನಾಗಿ ಹೋಗುತ್ತದೆ ಅನ್ನುವಂತೆಯೂ ಇಲ್ಲ. ಲೀನ್ 20 ವರ್ಷ ಇರುತ್ತದೆ. ಮೂರು ತಿಂಗಳಾದರೂ ಕಟ್ಟದಿದ್ದರೆ ಹರಾಜಿಗೆ ದಾವೆ ಹೂಡಬಹುದು. ಆದರೆ ಹೋಮ್‌ಸ್ಟೆಡ್, ಅಂದರೆ ಮಾಲೀಕರು ಸ್ವಂತ ವಾಸಕ್ಕಿಟ್ಟುಕೊಂಡ ಮನೆಯ ಮೇಲೆ ಆ ದಾವೆ ಹೂಡುವಂತಿಲ್ಲ. ಫ್ಲೋರಿಡಾ ಸಂವಿಧಾನದ 10ನೇ ವಿಧಿಯಲ್ಲಿರುವ ಆ ರಕ್ಷಣೆ ವಾರಸುದಾರರಿಗೂ ದಾಟುತ್ತದೆ. ದೊಡ್ಡಪ್ಪ ಆ ಮನೆಯಲ್ಲೇ ಇದ್ದರು ಅಲ್ವಾ? ಪ್ರೊಬೇಟ್ ವಕೀಲರಿಗೆ ಕೇಳುವ ಮೊದಲ ಪ್ರಶ್ನೆ ಇದೇ ಆಗಲಿ.

ಮನೆಯ ಮೇಲೆ ಬ್ಯಾಂಕ್ ಸಾಲ ಇದೆಯಾ ಅಂತಲೂ ನೋಡಿ. ಮೊದಲೇ ದಾಖಲಾದ ಸಾಲದ ಹಿಂದೆಯೇ ಈ ಲೀನ್ ನಿಲ್ಲಬೇಕು. ಪಾಮ್ ಬೇ ನಗರದ ಮೊಕದ್ದಮೆಯಲ್ಲಿ ಫ್ಲೋರಿಡಾ ಸುಪ್ರೀಂ ಕೋರ್ಟ್ 2013ರಲ್ಲಿ ಹೀಗೆ ತೀರ್ಪು ಕೊಟ್ಟಿದೆ. ಸಾಲ ಜಾಸ್ತಿ ಇದ್ದರೆ ನಗರಸಭೆಗೆ ಸಿಗುವುದು ಕಡಿಮೆ, ಅದು ಅವರಿಗೂ ಗೊತ್ತು.

ಕೊಳ್ಳುವವರಿಂದ ಏನನ್ನೂ ಮುಚ್ಚಿಡಬೇಡಿ. ಪ್ರಕರಣ ನಡೆಯುತ್ತಿರುವಾಗ ಆಸ್ತಿ ಮಾರಿದರೆ, ಅದನ್ನು ಬರಹದಲ್ಲಿ ತಿಳಿಸಬೇಕು, ನೋಟಿಸುಗಳ ಪ್ರತಿ ಕೊಡಬೇಕು, ಮಾರಿದ ಐದು ದಿನದೊಳಗೆ ನಗರಸಭೆಗೂ ಹೊಸ ಮಾಲೀಕರ ಹೆಸರು, ವಿಳಾಸ ಕೊಡಬೇಕು ಅಂತ ಕಾನೂನೇ ಇದೆ.

ಕೊನೆಯದು, ಬಹಳ ಜನ ಎಡವುವ ಜಾಗ. ಇಳಿಸಿದ ದಂಡಕ್ಕೆ ಗಡುವು ಇರುತ್ತದೆ. ತಪ್ಪಿದರೆ ಹಳೇ ಮೊತ್ತವೇ ವಾಪಸ್ ಬರುವಂತೆ ಆದೇಶದಲ್ಲಿ ಬರೆದಿರುತ್ತಾರೆ. ಮನೆ ಮಾರಿದ ದುಡ್ಡಿನಿಂದಲೇ ಕಟ್ಟುವುದಾದರೆ, ಗಡುವಿನೊಳಗೇ ಕ್ಲೋಸಿಂಗ್, ಅಂದರೆ ಮಾರಾಟದ ಅಂತಿಮ ವ್ಯವಹಾರ, ಆಗುವಂತೆ ತಾರೀಖು ಹೊಂದಿಸಿ. ಆಗುವುದಿಲ್ಲ ಅನ್ನಿಸಿದರೆ 60 ದಿನ ಕೊಡಿ ಅಂತ ಹಿಯರಿಂಗ್‌ನಲ್ಲೇ ಕೇಳಿ. ಕಟ್ಟಿದ ಮೇಲೆ ಲೀನ್ ಬಿಡುಗಡೆ ಪತ್ರ ದಾಖಲಾಗಿದೆಯಾ ಅಂತ ನೀವೇ ನೋಡಿ.

ಜಾಕ್ಸನ್‌ವಿಲ್ ಕಡೆಯಿಂದ ಒಬ್ಬ ಅಕ್ಕ

ಕಾನೂನು ಎಲ್ಲರೂ ಹೇಳಿದ್ದಾರೆ. ಹಿಯರಿಂಗ್ ದಿನದ ಬಗ್ಗೆ ನಾನು ಹೇಳುತ್ತೇನಪ್ಪಾ. ನಮ್ಮ ಅತ್ತೆಯವರ ಮನೆಯ ದಂಡದ ಹಿಯರಿಂಗ್‌ಗೆ ನಾನೇ ಹೋಗಿ ನಿಂತಿದ್ದೆ.

ಸಾಧ್ಯವಾದರೆ ನೀವೇ ಹೋಗಿ. ವಿಮಾನದ ಖರ್ಚಿಗೆ ಹಿಂದೆಮುಂದೆ ನೋಡಬೇಡಿ. ನನಗೆ ಸಿಕ್ಕಿದ್ದು ಐದು ನಿಮಿಷ. ನನಗಿಂತ ಮುಂಚೆ ನಿಂತವರು ನಗರಸಭೆಯನ್ನು ಬೈದರು, ಪಕ್ಕದ ಮನೆಯವರೂ ಹೀಗೇ ಇಟ್ಟಿದ್ದಾರೆ ಅಂದರು. ಅವರಿಗೆ ಏನೂ ಇಳಿಯಲಿಲ್ಲ. ನಾನು ಒಂದು ಹಾಳೆಯಲ್ಲಿ ತಾರೀಖುಗಳನ್ನು ಬರೆದುಕೊಂಡು ಹೋಗಿದ್ದೆ. ಅತ್ತೆ ಆಸ್ಪತ್ರೆ ಸೇರಿದ್ದು ಯಾವಾಗ, ನಮಗೆ ಗೊತ್ತಾಗಿದ್ದು ಯಾವಾಗ, ಗೊತ್ತಾದ ಎಷ್ಟು ದಿನಕ್ಕೆ ಕೆಲಸ ಶುರುವಾಯಿತು, ಎಷ್ಟು ಖರ್ಚಾಯಿತು. ಕೊನೆಗೆ ನಾನೇ ಒಂದು ಮೊತ್ತ ಹೇಳಿದೆ. ಎಷ್ಟಾದರೂ ಕಡಿಮೆ ಮಾಡಿ ಅಂತ ಕೈಮುಗಿದು ನಿಲ್ಲುವುದಕ್ಕಿಂತ ನಿಮ್ಮದೇ ಒಂದು ಲೆಕ್ಕ ಇಟ್ಟುಕೊಳ್ಳಿ. ನಗರಸಭೆಗೆ ಆದ ಖರ್ಚು ಎಷ್ಟು ಅಂತ ಮೊದಲೇ ಕೇಳಿ ತಿಳಿದುಕೊಳ್ಳಿ. ಅದಕ್ಕಿಂತ ಕೆಳಗೆ ಅವರು ಇಳಿಯುವುದು ಅಪರೂಪ.

ಪಕ್ಕದ ಮನೆಯವರನ್ನೂ ಹೋಗಿ ಮಾತಾಡಿಸಿ. ಎರಡು ವರ್ಷ ಆ ಸೊಳ್ಳೆ, ಆ ಹಾವು ಸಹಿಸಿದವರು ಅವರು. ನಾನು ಒಂದು ಡಬ್ಬಿ ಚಕ್ಕುಲಿ ಹಿಡಿದು ಹೋಗಿ ಕ್ಷಮೆ ಕೇಳಿದೆ. ಮನೆ ಈಗ ಚೆನ್ನಾಗಿದೆ ಅಂತ ಪಕ್ಕದ ಮನೆಯಾಕೆ ಎರಡು ಸಾಲು ಬರೆದುಕೊಟ್ಟರು. ಹಿಯರಿಂಗ್ ನಡೆಸುವ ಮ್ಯಾಜಿಸ್ಟ್ರೇಟ್ ಅದನ್ನು ಎರಡು ಸಲ ಓದಿದರು.

ಕೋರ್ಟಿಗೆ ಹೋಗಿ ಗೆಲ್ಲುತ್ತೇನೆ ಅನ್ನುವವರಿಗೆ ಡನೀಡಿನ್ ಊರಿನ ಪ್ರಕರಣ ನೆನಪಿರಲಿ. ತಾಯಿ ತೀರಿಕೊಂಡ ಮೇಲೆ ಅವರ ಆಸ್ತಿ ವ್ಯವಹಾರಕ್ಕೆ ಅಂತ ಬೇರೆ ರಾಜ್ಯಕ್ಕೆ ಹೋಗಿದ್ದವರ ಅಂಗಳದಲ್ಲಿ 2018ರಲ್ಲಿ ಹುಲ್ಲು ಬೆಳೆಯಿತು. ದಿನಕ್ಕೆ 500 ಡಾಲರ್‌ನಂತೆ ಸುಮಾರು 30,000 ಡಾಲರ್ ಆಯಿತು. ದಂಡ ವಿಪರೀತ ಅಂತ ಅವರು ಕೋರ್ಟಿಗೆ ಹೋದರು. 2021ರಲ್ಲಿ ಫೆಡರಲ್ ಕೋರ್ಟಿನಲ್ಲಿ ಗೆದ್ದದ್ದು ನಗರವೇ. ಇದನ್ನು ಓದಿದಾಗ ನನಗೆ ಬಹಳ ಸಂಕಟವಾಯಿತು. ಹುಲ್ಲಿಗೆ ಇಷ್ಟೊಂದು ದಂಡವೇ? ಅನ್ಯಾಯ ಅಂತಲೇ ನನಗೆ ಈಗಲೂ ಅನ್ನಿಸುತ್ತದೆ. ಆದರೂ ನಿಮಗೆ ಹೇಳುವುದು, ಹಿಯರಿಂಗ್ ಕೋಣೆಯಲ್ಲೇ ಇದನ್ನು ಮುಗಿಸಿಕೊಳ್ಳಿ.

ನ್ಯೂಜೆರ್ಸಿಯಿಂದ, ಕೇಳಿದವರೇ, ಹತ್ತು ವಾರದ ನಂತರ

ಎಲ್ಲರಿಗೂ ಕೈಮುಗಿಯುತ್ತೇನೆ. ನೀವು ಹೇಳಿದ ಕ್ರಮದಲ್ಲೇ ಹೋದೆ. ಅತ್ತೆಯ ಕಾಗದ ಮೈಸೂರಿನಿಂದ ಬಂತು, ಕೋರ್ಟಿನ ನೇಮಕವೂ ಆಯಿತು. ಈಜುಕೊಳ ಖಾಲಿ ಮಾಡಿಸಲು ಆಗಲೇ ಒಬ್ಬರಿಗೆ ಹೇಳಿದ್ದೆ, ನಿಮ್ಮ ಮಾತು ಓದಿ ನಿಲ್ಲಿಸಿದೆ. ನೀರು ಈಗ ತಿಳಿಯಾಗಿದೆ. ಚಾವಣಿಯ ಕೊನೆಯ ತಪಾಸಣೆ ಕಳೆದ ವಾರ ಮುಗಿಯಿತು. ಅದೇ ಮಧ್ಯಾಹ್ನ ಇನ್‌ಸ್ಪೆಕ್ಟರಿಗೆ ಫೋನ್ ಮಾಡಿದೆ. ಮರುದಿನ ಬಂದು, ಎಲ್ಲಾ ಸರಿಯಾಗಿದೆ ಅಂತ ಬರೆದುಕೊಟ್ಟರು. ಮೀಟರ್ 476ನೇ ದಿನಕ್ಕೆ ನಿಂತಿದೆ. ಹಿಯರಿಂಗ್ ಮುಂದಿನ ತಿಂಗಳು, ನಾನೇ ಹೋಗುತ್ತಿದ್ದೇನೆ. ಹಾಳೆ ತಯಾರಾಗಿದೆ. ಗೊತ್ತಾದ ಒಂಬತ್ತನೇ ದಿನ ಹುಲ್ಲು ಕತ್ತರಿಸಿದ ರಸೀದಿ ಎಲ್ಲಕ್ಕಿಂತ ಮೇಲಿದೆ.

ಹಿತ್ತಿಲು ಸವರಿಸುವಾಗ ಪೊದೆಗಳ ನಡುವೆ ದೊಡ್ಡಪ್ಪ ಹಾಕಿದ ಕರಿಬೇವಿನ ಮರ ಸಿಕ್ಕಿತು. ನನಗಿಂತ ಎತ್ತರ ಬೆಳೆದಿದೆ. ಒಂದು ಸಸಿ ಇಲ್ಲಿಗೆ ತರೋಣ ಅಂದುಕೊಂಡಿದ್ದೆ. ಕಿತ್ತಳೆ, ನಿಂಬೆ ಗಿಡಗಳ ರೋಗ ಹರಡುವ ಕೀಟ ಅದರ ಮೇಲೂ ಕೂರುತ್ತದಂತೆ, ಹಾಗಾಗಿ ಸುಮ್ನೆ ಕಿತ್ತು ಬೇರೆ ರಾಜ್ಯಕ್ಕೆ ಒಯ್ಯುವಂತಿಲ್ಲ. ಮನೆ ಕೊಳ್ಳುವವರು ತೆಲುಗಿನವರು. ಮರ ಕಡಿಯುವುದಿಲ್ಲ ಅಂತ ಮಾತು ಕೊಟ್ಟಿದ್ದಾರೆ.