ಅಪ್ಪ-ಅಮ್ಮನಿಗೆ ಮೊದಲ ಕ್ರೂಸ್: ಮುಂಬೈಯ ಹಳೇ ಹಡಗಾ, ಸಿಂಗಾಪುರದ ದೊಡ್ಡದಾ? ಹೋಗಿಬಂದವರು ಹೇಳಿ

ದಾವಣಗೆರೆ ಮಗ: ಜನವರಿಗೆ ಅಪ್ಪ-ಅಮ್ಮನ ಮದುವೆಗೆ 40 ವರ್ಷ. ಇಬ್ಬರನ್ನೂ ಕ್ರೂಸ್‌ಗೆ ಕಳಿಸೋ ಆಸೆ. ಮುಂಬೈಯಿಂದ ಕಾರ್ಡೇಲಿಯಾ ಕಂಪನಿಯ ಎಂಪ್ರೆಸ್, ಇಲ್ಲಾಂದ್ರೆ ಸಿಂಗಾಪುರದಿಂದ ಗೆಂಟಿಂಗ್ ಡ್ರೀಮ್. ಎಂಪ್ರೆಸ್ 1990ರದ್ದು ಅಂತ ಅಪ್ಪ ಹಿಂದೇಟು ಹಾಕ್ತಿದ್ದಾರೆ. ಅವರಿಗೆ ಮೊಣಕಾಲು ನೋವೂ ಇದೆ. ಬಜೆಟ್ 1.5 ಲಕ್ಷ.

ಹುಬ್ಬಳ್ಳಿ ಅಕ್ಕ: ನಾವು ಅತ್ತಿ-ಮಾವನ್ನ ಕರ್ಕೊಂಡು ಎಂಪ್ರೆಸ್‌ನ್ಯಾಗ ಮುಂಬೈ-ಗೋವಾ ಹೋಗಿ ಬಂದೇವಿ. ನಮ್ಮ ಏಜೆಂಟ್ ತಲಿಗೆ 24,000 ಅಂದ, ನಾಲ್ಕು ಮಂದಿಗೆ 96,000. ಆಮ್ಯಾಲೆ ಬಂದರು ಶುಲ್ಕ, ಜಿಎಸ್‌ಟಿ, ಗ್ರ್ಯಾಚ್ಯುಟಿ (ಹಡಗಿನ ಕೆಲಸದವರ ಟಿಪ್ಸ್) ಅಂತ 27,400 ಬ್ಯಾರೆ ತಗೊಂಡ. ಕಿಟಕಿ ಇರೋ ಕೋಣಿ ಅಂತ ಹೇಳಿ ಒಳಗಿನ ಕೋಣಿ ಬುಕ್ ಮಾಡಿದ್ದ, ಅದನ್ನ ಬದಲಿಸಾಕ 14,200. ಒಟ್ಟು 1,37,600! ಇವತ್ತಿಗೂ ಹೊಟ್ಟಿ ಉರಿತೈತಿ. ಆದ್ರ ಹಡಗಿನ ಬಗ್ಗೆ ಒಂದು ಮಾತು ಕೆಟ್ಟದ್ದು ಹೇಳಂಗಿಲ್ಲ. ನಮ್ಮ ಅತ್ತಿ 68 ವರ್ಷಕ್ಕ ಮೊದಲ ಸಲ ಸಮುದ್ರ ನೋಡಿದ್ರು. ಸೂರ್ಯ ಮುಳುಗಿದ ಮ್ಯಾಲೂ ಡೆಕ್ ಬಿಟ್ಟು ಬರವಲ್ರು.

ಜಯನಗರ 4ನೇ ಬ್ಲಾಕ್: ಅಕ್ಕ, ಅಷ್ಟು ಕೊಟ್ಟು ಹಳೇ ಹಡಗು ಯಾಕೆ? ನಾವು ಸಿಂಗಾಪುರಕ್ಕೇ ಹೋದ್ವಿ. ಗೆಂಟಿಂಗ್ ಡ್ರೀಮ್ 2016ರದ್ದು, 335 ಮೀಟರ್ ಉದ್ದ, ಒಂದೂವರೆ ಲಕ್ಷ ಟನ್ ತೂಕ. ಎಂಪ್ರೆಸ್ 48,563 ಟನ್, ಅದರ ಮೂರನೇ ಒಂದು ಭಾಗಾನೂ ಇಲ್ಲ. ನಾಲ್ಕು ಜನಕ್ಕೆ 3,92,000 ಆಯ್ತು: ವಿಮಾನ 1,16,000, ಕ್ಯಾಬಿನ್ 2,04,000, ವೀಸಾ 14,000, ಹಿಂದಿನ ರಾತ್ರಿ ಹೋಟೆಲ್ 38,000. ಉಳಿದ 20,000 ದಂಡ. ಅಮ್ಮನ ಪಾಸ್‌ಪೋರ್ಟ್‌ನಲ್ಲಿ ಸರ್‌ನೇಮ್ ಜಾಗ ಖಾಲಿ, ಟಿಕೆಟ್‌ನಲ್ಲಿ ಅಪ್ಪನ ಹೆಸರು ಸೇರಿಸಿಬಿಟ್ಟಿದ್ದರು. ಕೌಂಟರ್ ಮುಂದೆ ಅಮ್ಮ ಅತ್ತುಬಿಟ್ಟರು. ಪಾಸ್‌ಪೋರ್ಟ್ ಈಗಲೇ ತೆಗೆದು ನೋಡಿ.

ಕಂಕನಾಡಿ, ಹಡಗಿನಲ್ಲಿ 11 ವರ್ಷ: ಜಯನಗರದವರೇ, ಅದು ತೂಕ ಅಲ್ಲ ಮಾರಾಯ್ರೆ. ಗ್ರಾಸ್ ಟನ್ನೇಜ್ ಅಂದ್ರೆ ಹಡಗಿನ ಒಳಗೆ ಎಷ್ಟು ಜಾಗ ಉಂಟು ಅಂತ ಲೆಕ್ಕ. ಎಂಪ್ರೆಸ್ ಅಂದ್ರೆ ಮೊದಲು ರಾಯಲ್ ಕೆರಿಬಿಯನ್ ಕಂಪನಿಯ ನಾರ್ಡಿಕ್ ಎಂಪ್ರೆಸ್, ಫ್ರಾನ್ಸಿನ ಸೇಂಟ್ ನಜೇರ್‌ನಲ್ಲಿ ಕಟ್ಟಿದ್ದು, ಮುಂಬೈಗೆ ಬಂದದ್ದು 2021ರಲ್ಲಿ. ಹೊಸತು ಅಂದ್ರೆ ಗಟ್ಟಿ ಅಂತ ಯಾರು ಹೇಳಿದ್ದು? ಕೋಸ್ಟಾ ಕಾಂಕಾರ್ಡಿಯಾ 2006ರಲ್ಲಿ ಓಡಲು ಶುರುವಾಯ್ತು, 2012ರ ಜನವರಿಯಲ್ಲಿ ಇಟಲಿಯ ಜಿಲಿಯೋ ದ್ವೀಪದ ಬಂಡೆಗೆ ಬಡಿದು 32 ಜನ ಹೋದರು. ಡ್ರೈಡಾಕ್, ಅಂದ್ರೆ ಹಡಗನ್ನು ನೀರಿನಿಂದ ಹೊರಗಿಟ್ಟು ಮಾಡುವ ರಿಪೇರಿ, ಯಾವಾಗ ಆಗಿದೆ ಅಂತ ಕೇಳಿ, ಹುಟ್ಟಿದ ವರ್ಷ ಅಲ್ಲ.

ಜಯನಗರ 4ನೇ ಬ್ಲಾಕ್: ಟನ್ ವಿಷಯ ಒಪ್ಪಿದೆ. ಆದರೆ ಸಂಬಳ ತಗೊಂಡು ಹಡಗಿನಲ್ಲಿ ಇದ್ದವರಿಗೂ ಲಕ್ಷಗಟ್ಟಲೆ ಕೊಟ್ಟು ಹೋದವರಿಗೂ ವ್ಯತ್ಯಾಸ ಇದೆ ಸಾರ್.

ಕಂಕನಾಡಿ, ಹಡಗಿನಲ್ಲಿ 11 ವರ್ಷ: ವ್ಯತ್ಯಾಸ ಉಂಟು. ನಿಮ್ಮ ಹಾಸಿಗೆ ಸರಿ ಮಾಡಿದ್ದು ನಮ್ಮಂಥವರು. ಒಂಬತ್ತೊಂಬತ್ತು ತಿಂಗಳ ಕಾಂಟ್ರ್ಯಾಕ್ಟ್‌ಗಳಲ್ಲಿ ಮಗಳ ಎರಡು ಹುಟ್ಟುಹಬ್ಬ ತಪ್ಪಿಸಿಕೊಂಡವ ನಾನು.

ಮೈಸೂರು ನಿವೃತ್ತ: ಜಗಳ ಬೇಡಿ. ಹಳೇ ಹಡಗುಗಳೆಲ್ಲ ಕೊನೆಗೆ ಗುಜರಾತಿನ ಅಲಂಗ್‌ಗೇ, ಹಡಗು ಒಡೆಯೋ ಜಾಗಕ್ಕೆ. ಕ್ವೀನ್ ಎಲಿಜಬೆತ್ 2 ಕೂಡ ಅಲ್ಲೇ ಹೋಯಿತಲ್ಲ.

ಜಯನಗರ 4ನೇ ಬ್ಲಾಕ್: ಇಲ್ಲ ಸಾರ್, ಅದು ದುಬೈನಲ್ಲಿ ಹೋಟೆಲ್ ಆಗಿ ನಿಂತಿದೆ, 2018ರಿಂದ. ಅಲಂಗ್‌ಗೆ ಬಂದದ್ದು ಎಸ್‌ಎಸ್ ಫ್ರಾನ್ಸ್. ನಾರ್ವೆ ಅಂತ ಹೆಸರು ಬದಲಿಸಿಕೊಂಡು 1980ರಿಂದ ಕ್ರೂಸ್ ಮಾಡ್ತು, 2003ರಲ್ಲಿ ಮಯಾಮಿಯಲ್ಲಿ ಬಾಯ್ಲರ್ ಸಿಡಿದು 8 ನೌಕರರು ಸತ್ತರು.

ಹುಬ್ಬಳ್ಳಿ ಅಕ್ಕ: ಸಿಂಗಾಪುರದವ್ರು ನಮ್ಮ ಹಡಗಿಗೆ ಹಳೇದು ಅಂತಾರ, ತಾವು ಮಾತ್ರ ಹಳೇ ಹಡಗಿನ ಪುರಾಣ ಹೇಳ್ತಾರ. ನನಗ ಒಂದು ಹೇಳ್ರಿ, ಏಜೆಂಟ್ ಮ್ಯಾಲೆ ಗ್ರಾಹಕರ ವೇದಿಕಿಗೆ ಹೋದ್ರ 14,200 ವಾಪಸ್ ಸಿಗ್ತೈತೇನು? ರಸೀದಿ ಐತಿ, ವಾಟ್ಸಾಪ್ ಮೆಸೇಜೂ ಐತಿ.

ದಾವಣಗೆರೆ ಮಗ: ಅಪ್ಪನ ಮೊಣಕಾಲಿನ ಬಗ್ಗೆ ಯಾರಾದರೂ...

ಕಂಕನಾಡಿ, ಹಡಗಿನಲ್ಲಿ 11 ವರ್ಷ: ಲಿಫ್ಟ್ ಹತ್ತಿರದ ಕ್ಯಾಬಿನ್ ಕೇಳಿ, ಮಧ್ಯಭಾಗದ್ದು, ತೂಗಾಟ ಕಡಿಮೆ. ಮೈಸೂರಿನವರೇ, ಅಲಂಗ್ ಅಂದಿರಲ್ಲ. ನಾನು ಸಿಡ್ನಿಯಲ್ಲಿ ಪೆಸಿಫಿಕ್ ಜ್ಯುವೆಲ್‌ನಲ್ಲಿ ಇದ್ದವ. 1990ರಲ್ಲಿ ಕ್ರೌನ್ ಪ್ರಿನ್ಸೆಸ್ ಆಗಿ ಹುಟ್ಟಿದ ಹಡಗು, ನೆತ್ತಿ ಡಾಲ್ಫಿನ್ ತಲೆಯ ಹಾಗೆ, ಇಟಲಿಯ ವಾಸ್ತುಶಿಲ್ಪಿ ರೆಂಜೋ ಪಿಯಾನೋ ರೂಪಿಸಿದ್ದು. ಆರೋಸಾ ಬ್ಲೂ, ಐಡಾಬ್ಲೂ, ಓಷನ್ ವಿಲೇಜ್ ಟೂ ಅಂತೆಲ್ಲ ಹೆಸರಾಗಿ, 2019ರಲ್ಲಿ ಕರ್ಣಿಕಾ ಅಂತ ಮುಂಬೈಗೆ ಬಂತು. ಊರವರನ್ನೆಲ್ಲ ಕರೆದುಕೊಂಡು ಹೋಗಿ ನನ್ನ ಹಡಗು ಅಂತ ತೋರಿಸಬೇಕು ಅಂತಿದ್ದೆ. 2020ರ ನವೆಂಬರಿನಲ್ಲಿ ಅಲಂಗ್‌ನ ಕೆಸರಿನಲ್ಲಿ ಮೂತಿ ಇಟ್ಟು ನಿಂತ ಫೋಟೋ ಬಂತು. ನಾನು ನೋಡಿಕೊಳ್ಳುತ್ತಿದ್ದ ಸಾಲಿನ ಕಿಟಕಿಗಳನ್ನು ಅದರಲ್ಲಿ ಎಣಿಸಬಹುದಿತ್ತು.